ಮಳೆ, ಮುರಕಲ್ಲು, ಉಪ್ಪುಗಾಳಿ: ಕಾಸರಗೋಡಿನ ಹೊಸ ಬೈಕ್ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕ್ ಜೊತೆ ಕೊಡುವ ಪುಸ್ತಕದಲ್ಲಿ ಸರ್ವಿಸ್ ಲೆಕ್ಕವೆಲ್ಲ ಕಿಲೋಮೀಟರಿನಲ್ಲಿ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಆ ಲೆಕ್ಕ ಒಂದೇ ಸಾಲದು. ಇಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪಡುವಣದಲ್ಲಿ ಕಡಲಿನ ಉಪ್ಪುಗಾಳಿ, ಮೂಡಣಕ್ಕೆ ಹೋದಂತೆ ಏರು, ತಿರುವು, ಕೆಂಪು ಕೆಸರು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಮೀಟರಿನ ಜೊತೆಗೆ ಮಳೆಯನ್ನೂ ಲೆಕ್ಕಕ್ಕೆ ಹಿಡಿದಿದ್ದೇವೆ.

ಮೊದಲ ಬೈಕ್ ಎಷ್ಟು ಸಿಸಿಯದ್ದು ಇರಬೇಕು?

ದಿನಾ ಮನೆಯಿಂದ ಕೆಲಸಕ್ಕೆ ಅಥವಾ ಕಾಲೇಜಿಗೆ ಹೋಗಿಬರಲು 100ರಿಂದ 125 ಸಿಸಿ ಸಾಕು. ಕುಂಬಳೆ, ಉಪ್ಪಳ, ಮಂಜೇಶ್ವರದಂಥ ಸಮತಟ್ಟು ದಾರಿಯಲ್ಲಿ ಒಬ್ಬರೇ ಹೋಗುವುದಾದರೆ 100 ಸಿಸಿ ಧಾರಾಳ. ಬಾಯಾರು, ಪೈವಳಿಕೆ, ಆದೂರು, ಬಂದಡ್ಕ ಕಡೆಯ ಏರಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗಬೇಕಿದ್ದರೆ 125 ಸಿಸಿ ತೆಗೆದುಕೊಳ್ಳಿ. 100 ಸಿಸಿ ಗಾಡಿ ಅಲ್ಲಿ ಹತ್ತುವುದಿಲ್ಲ ಎಂದಲ್ಲ. ಎರಡನೇ ಗೇರಿನಲ್ಲಿ ಎಂಜಿನ್ ಕಿರುಚಿಸುತ್ತಲೇ ಹತ್ತಬೇಕಾಗುತ್ತದೆ, ಹೊಸಬರು ಅರ್ಧ ಏರಿನಲ್ಲಿ ಗೇರ್ ಬದಲಿಸಲು ಹೋಗಿ ಗಾಡಿ ನಿಲ್ಲಿಸಿಬಿಡುತ್ತಾರೆ.

150ರಿಂದ 160 ಸಿಸಿಯ ಬೈಕನ್ನು ಎರಡನೇ ಗಾಡಿಯಾಗಿ ತೆಗೆದುಕೊಳ್ಳುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. 350 ಸಿಸಿಯ ಬುಲೆಟ್ ಜಾತಿಯ ಗಾಡಿಗಳ ತೊಂದರೆ ವೇಗದ್ದಲ್ಲ, ತೂಕದ್ದು. ಕ್ಲಾಸಿಕ್ 350ರ ತೂಕ 195 ಕಿಲೋ, ಸ್ಪ್ಲೆಂಡರಿನದ್ದು 112 ಕಿಲೋ ಆಸುಪಾಸು. ಮನೆಯಂಗಳದ ಪಾಚಿ ಹಿಡಿದ ಇಳಿಜಾರಿನಲ್ಲಿ 195 ಕಿಲೋವನ್ನು ಹಿಂದಕ್ಕೆ ತಳ್ಳಿ ತಿರುಗಿಸಲು ಆಗುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಕೇರಳದಲ್ಲಿ 2023ರ ಜುಲೈಯಿಂದ ದ್ವಿಚಕ್ರ ವಾಹನಗಳ ಗರಿಷ್ಠ ವೇಗಮಿತಿ ಗಂಟೆಗೆ 60 ಕಿ.ಮೀ. ಎಂಬುದೂ ನೆನಪಿರಲಿ.

ನನ್ನ ಎತ್ತರ ಕಡಿಮೆ. ಯಾವ ಗಾಡಿ ನೋಡಲಿ?

ಸೀಟಿನ ಎತ್ತರದ ಸಂಖ್ಯೆ ಒಂದನ್ನೇ ನೋಡಬೇಡಿ, ಸೀಟಿನ ಅಗಲವನ್ನೂ ನೋಡಿ. ಸ್ಪ್ಲೆಂಡರ್ 785 ಮಿ.ಮೀ., ಕ್ಲಾಸಿಕ್ 350 805 ಮಿ.ಮೀ. ವ್ಯತ್ಯಾಸ 2 ಸೆಂ.ಮೀ. ಮಾತ್ರ. ಆದರೆ ಸೀಟು ಅಗಲವಾದಷ್ಟೂ ತೊಡೆ ಹೊರಕ್ಕೆ ಚಾಚಿ ಪಾದ ನೆಲಕ್ಕೆ ಎಟುಕದಾಗುತ್ತದೆ. ಶೋರೂಮಿನಲ್ಲಿ ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡೇ ಕುಳಿತು ನೋಡಿ. ಎರಡೂ ಪಾದಗಳ ಮುಂಭಾಗ ಭದ್ರವಾಗಿ ಊರಬೇಕು, ಅಥವಾ ಒಂದು ಪಾದ ಪೂರ್ತಿ ಊರಬೇಕು. ಎಕ್ಸ್‌ಪಲ್ಸ್ 200ರಂಥ ಗಾಡಿಗಳು ಹೊಂಡದ ದಾರಿಗೆ ಬಲು ಅನುಕೂಲ, ಆದರೆ 825 ಮಿ.ಮೀ. ಸೀಟಿನಲ್ಲಿ ಕುಳಿತು ಏರಿನಲ್ಲಿ ನಿಲ್ಲಿಸುವಾಗ ಕಾಲು ತಗ್ಗಿನ ಕಡೆಗೆ ಊರಬೇಕಾಗಿ ಬಂದರೆ ಎಟುಕುವುದಿಲ್ಲ. ಹೊಸಬರು ಗಾಡಿ ಬೀಳಿಸುವುದು ಓಡಿಸುವಾಗಲ್ಲ, ಹೆಚ್ಚಾಗಿ ಹೀಗೆ ನಿಲ್ಲಿಸುವಾಗ.

ಡ್ರಮ್ ಬ್ರೇಕ್ ಸಾಕೇ, ಡಿಸ್ಕ್ ಬೇಕೇ? ಎಬಿಎಸ್ ಬೇಕೇ?

ಇಲ್ಲಿಯ ಮಳೆಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಇರಲಿ, ಹಣ ಸ್ವಲ್ಪ ಹೆಚ್ಚಾದರೂ. ಡ್ರಮ್ಮಿನೊಳಗೆ ನೀರು ಹೊಕ್ಕರೆ ಬೇಗ ಹೊರಬರುವುದಿಲ್ಲ, ಬ್ರೇಕ್ ಹಿಡಿದರೂ ಮೊದಲ ಕೆಲವು ಮೀಟರ್ ಗಾಡಿ ಜಾರುತ್ತಲೇ ಹೋಗುತ್ತದೆ. ಡಿಸ್ಕ್ ತಿರುಗುವಾಗಲೇ ನೀರನ್ನು ಎಸೆದುಬಿಡುತ್ತದೆ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಹೊಸ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯವಾಯಿತು. 125 ಮತ್ತು ಅದಕ್ಕಿಂತ ಕೆಳಗಿನವಕ್ಕೆ ಸಿಬಿಎಸ್ ಸಾಕೆಂದಾಯಿತು. ಇವೆರಡೂ ಒಂದೇ ಅಲ್ಲ. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಒತ್ತಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರಬಹುದು. ಎಬಿಎಸ್ ಲಾಕ್ ಆಗದಂತೆ ತಡೆಯುತ್ತದೆ. ಸಿಂಗಲ್ ಚಾನೆಲ್ ಎಂದಿದ್ದರೆ ಅದು ಮುಂದಿನ ಚಕ್ರಕ್ಕೆ ಮಾತ್ರ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಕೈಗೆ ತಟತಟ ಹೊಡೆಯುತ್ತದೆ. ಹೆದರಿ ಬಿಡಬೇಡಿ, ಗಟ್ಟಿಯಾಗಿ ಹಿಡಿದುಕೊಂಡೇ ಇರಿ.

ಸ್ಪೋಕ್ ಚಕ್ರವೋ ಅಲಾಯ್ ಚಕ್ರವೋ?

ಅಲಾಯ್. ಅದಕ್ಕೆ ಹಾಕುವ ಟ್ಯೂಬ್‌ಲೆಸ್ ಟಯರಿಗೆ ಮೊಳೆ ಹೊಕ್ಕರೆ ಗಾಳಿ ನಿಧಾನವಾಗಿ ಇಳಿಯುತ್ತದೆ, ಮುಂದಿನ ಪೇಟೆಯವರೆಗೆ ಹೋಗಬಹುದು. ಸಾಮಾನ್ಯ ಸ್ಪೋಕ್ ಚಕ್ರಕ್ಕೆ ಟ್ಯೂಬ್ ಬೇಕು, ಅದು ಒಮ್ಮೆಲೇ ಇಳಿಯುತ್ತದೆ. ಕಡಲ ಬದಿಯಲ್ಲಿ ಸ್ಪೋಕ್‌ಗಳ ನಿಪ್ಪಲ್‌ಗೆ ತುಕ್ಕು ಹಿಡಿದು ಕೆಲವು ವರ್ಷಗಳಲ್ಲೇ ತಿರುಗಿಸಲು ಬಾರದಂತಾಗುತ್ತದೆ.

ಪುತ್ತೂರು, ಸುಳ್ಯ, ಮಂಗಳೂರಿನಲ್ಲಿ ಹಳೆ ಬೈಕ್ ಕಡಿಮೆಗೆ ಸಿಗುತ್ತದೆ. ತರಬಹುದೇ?

ತರಬಹುದು. ಆದರೆ ಬೆಲೆ ಹೋಲಿಸುವಾಗ ಕೇರಳದ ತೆರಿಗೆ, ಓಡಾಟದ ಖರ್ಚು ಎರಡನ್ನೂ ಕೂಡಿಸಿ. ಕೆಎ 19, ಕೆಎ 21, ಕೆಎ 70 ನಂಬರಿನ ಗಾಡಿಯನ್ನು ಕೆಎಲ್ 14 ಮಾಡಿಸುವ ದಾರಿ ಹೀಗೆ:

ಮೊದಲು ಮಾರುವವರು ತಮ್ಮ ಆರ್‌ಟಿಒದಲ್ಲಿ ಫಾರ್ಮ್ 28ರಲ್ಲಿ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರಕ್ಕೆ) ಅರ್ಜಿ ಹಾಕಬೇಕು. ಸಾಲದ ಗಾಡಿಯಾಗಿದ್ದರೆ ಅದಕ್ಕಿಂತ ಮೊದಲೇ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಕೊಟ್ಟು ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರು ತೆಗೆಸಬೇಕು. ಬಾಕಿ ದಂಡವಿದ್ದರೆ ಕಟ್ಟಿ ಮುಗಿಸಬೇಕು. ಎನ್‌ಒಸಿ ಕೈಗೆ ಬಂದ ಮೇಲೆ ನೀವು ಇಲ್ಲಿ ಫಾರ್ಮ್ 29, 30ರಲ್ಲಿ ಹೆಸರು ಬದಲಾವಣೆಗೂ ಫಾರ್ಮ್ 27ರಲ್ಲಿ ಹೊಸ ನಂಬರಿಗೂ ಅರ್ಜಿ ಹಾಕಿ ತೆರಿಗೆ ಕಟ್ಟುತ್ತೀರಿ. ಗಾಡಿ ಹೊಸದಾದಷ್ಟೂ ತೆರಿಗೆ ಹೆಚ್ಚು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಕಂಪನಿಗೆ ತಿಳಿಸಬೇಕು.

ಗಡಿಯೂರುಗಳಲ್ಲಿ ಒಂದು ತಪ್ಪು ತಿಳುವಳಿಕೆ ಬೇರೂರಿದೆ: ‘12 ತಿಂಗಳು ಹಾಗೆಯೇ ಓಡಿಸಬಹುದು’ ಎಂದು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುವ 12 ತಿಂಗಳು ನಂಬರ್ ಬದಲಿಸುವುದಕ್ಕೆ ಸಂಬಂಧಿಸಿದ್ದು. ಮಾಲೀಕರ ಹೆಸರು ಬದಲಿಸಲು, ತೆರಿಗೆ ಕಟ್ಟಲು ಅಷ್ಟು ಸಮಯವಿದೆ ಎಂದು ಅರ್ಥವಲ್ಲ. ಹಳೆ ಹೆಸರಿನಲ್ಲೇ ಗಾಡಿ ಓಡಾಡಿ ಅಪಘಾತವಾದರೆ ಮಾರಿದವರೂ ಕೊಂಡವರೂ ಕೋರ್ಟಿಗೆ ಅಲೆಯಬೇಕಾಗುತ್ತದೆ. ಸಹಿ ಹಾಕಿದ ಖಾಲಿ ಫಾರ್ಮ್ ಇಟ್ಟುಕೊಂಡು ಗಾಡಿ ಕೊಡುವವರಿಂದ ಕೊಳ್ಳಲೇಬೇಡಿ.

ಹಳೆ ಬೈಕ್ ನೋಡಲು ಹೋದಾಗ ಏನೇನು ನೋಡಬೇಕು?

ಹೋಗುವ ಮೊದಲೇ ಹೇಳಿಬಿಡಿ, ‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು. ಬಿಸಿ ಎಂಜಿನ್ ತನ್ನ ರೋಗವನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಎಂಜಿನ್ ಮುಟ್ಟಿ ನೋಡಿ, ತಣ್ಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿಸಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ ಎಂದರ್ಥ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚು ಸುಡುತ್ತಿದೆ. ಅದು ಏರ್ ಫಿಲ್ಟರ್, ಕಾರ್ಬ್ಯುರೇಟರಿನ ಮಟ್ಟದ ಕೆಲಸ, ದೊಡ್ಡ ಖರ್ಚಲ್ಲ. ಬೆಳಗಿನ ತಂಪಿನಲ್ಲಿ ಒಂದೆರಡು ನಿಮಿಷ ಬಿಳಿ ಆವಿ ಬರುವುದು ಸಹಜ.

ಹ್ಯಾಂಡಲ್ ಕೆಳಗಿನ ಕಬ್ಬಿಣದಲ್ಲಿ ಕೊರೆದ ಚಾಸಿಸ್ ನಂಬರ್, ಎಂಜಿನ್ ಮೇಲಿನ ನಂಬರ್ ಎರಡನ್ನೂ ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸಿ. ಸೆಂಟರ್ ಸ್ಟಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ನಿಧಾನಕ್ಕೆ ತಿರುಗಿಸಿ. ನಡುವೆ ಒಂದು ಕಡೆ ಕಚ್ಚಿ ನಿಂತಂತೆ ಆದರೆ ಹೊಂಡಗಳಲ್ಲಿ ಹೊಡೆದು ಹೊಡೆದು ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಹಿಂದಿನ ಚಕ್ರವನ್ನು ಅತ್ತಿತ್ತ ಅಲುಗಿಸಿ, ಆಟ ಇದ್ದರೆ ಬೇರಿಂಗ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಬುಷ್ ಸವೆದಿದೆ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಆಡಿಸಿ. ತುಕ್ಕಿನ ಚುಕ್ಕೆ ಉಗುರಿಗೆ ತಾಗಿದರೆ ಎಷ್ಟು ಸಲ ಆಯಿಲ್ ಸೀಲ್ ಬದಲಿಸಿದರೂ ಮತ್ತೆ ಸೋರುತ್ತದೆ. ಕಡಲ ಕರೆಯ ಗಾಡಿಗಳಲ್ಲಿ ಇದು ಬಹಳ.

ಟಯರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2321 ಎಂದಿದ್ದರೆ 2021ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಮೀಟರಿನಲ್ಲಿ 9000 ಕಿ.ಮೀ. ತೋರಿಸುವ ಐದು ವರ್ಷದ ಗಾಡಿಗೆ ಹೊಸ ಟಯರ್, ಸವೆದ ಫುಟ್‌ರೆಸ್ಟ್ ರಬ್ಬರ್ ಇದ್ದರೆ ಮೀಟರನ್ನು ನಂಬಬೇಡಿ. ನೆರೆಯಲ್ಲಿ ಮುಳುಗಿದ ಗಾಡಿಯನ್ನು ಗುರುತಿಸಲು ಸೀಟು ತೆಗೆಸಿ ವೈರಿಂಗ್ ಜೋಡಣೆಗಳ ಸಂದಿಯಲ್ಲಿ, ಹೆಡ್‌ಲೈಟಿನ ಗಾಜಿನೊಳಗೆ ಒಣಗಿದ ಕೆಸರಿನ ಗೆರೆ ಇದೆಯೇ ನೋಡಿ. ಅಂಥದ್ದು ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ, ವೈರಿಂಗಿನ ತೊಂದರೆ ವರ್ಷಗಟ್ಟಲೆ ಕಾಡುತ್ತದೆ.

ಸ್ಕೂಟರ್ ಲೈಸೆನ್ಸ್ ಇದೆ. ಬೈಕ್ ಓಡಿಸಬಹುದೇ?

ಇಲ್ಲ. ಗೇರ್ ಇಲ್ಲದ ವಾಹನದ ಲೈಸೆನ್ಸಿನಲ್ಲಿ ಗೇರ್ ಬೈಕ್ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದಂತೆಯೇ, ಅಪಘಾತವಾದಾಗ ಇನ್ಶೂರೆನ್ಸ್ ಕಂಪನಿ ಮೊದಲು ನೋಡುವುದೇ ಇದನ್ನು. ಗೇರ್ ಬೈಕಿಗೆ 18 ವರ್ಷ ತುಂಬಿರಬೇಕು. ಲರ್ನರ್ಸ್ ಆರು ತಿಂಗಳು ಇರುತ್ತದೆ, ಅದು ಸಿಕ್ಕಿ 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು.

ಕೇರಳದ ಟೆಸ್ಟಿನಲ್ಲಿ ಕಾಲೂರದೆ ‘8’ ಹಾಕಬೇಕು. ಇದರ ಗುಟ್ಟು ಹ್ಯಾಂಡಲಿನಲ್ಲಿ ಇಲ್ಲ, ಕ್ಲಚ್ಚಿನಲ್ಲಿ ಇದೆ. ಒಂದನೇ ಗೇರ್, ಆಕ್ಸಿಲರೇಟರ್ ಒಂದೇ ಸಮ, ಕ್ಲಚ್ ಅರ್ಧ ಹಿಡಿದು ವೇಗ ಹೆಚ್ಚು ಕಡಿಮೆ ಮಾಡಿ, ಬೇಕಿದ್ದರೆ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ. ಮುಂದಿನ ಬ್ರೇಕ್ ಮುಟ್ಟಿದರೆ ತಿರುವಿನಲ್ಲಿ ಗಾಡಿ ಕುಸಿಯುತ್ತದೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ಕಡೆಗೆ ಇರಲಿ.

ಹೊಸ ಗಾಡಿಯನ್ನು ಮೊದಲ 1000 ಕಿ.ಮೀ. ಹೇಗೆ ಓಡಿಸಬೇಕು?

ಪೂರ್ತಿ ಆಕ್ಸಿಲರೇಟರ್ ಬೇಡ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವುದೂ ಬೇಡ. ‘ನಿಧಾನ ಓಡಿಸಬೇಕು’ ಎಂದು ಕೇಳಿ ಕೆಲವರು ಏರಿನಲ್ಲೂ ನಾಲ್ಕನೇ ಗೇರಿನಲ್ಲಿ ಗುದ್ದಿಸುತ್ತ ಹೋಗುತ್ತಾರೆ. ಅದು ಹೆಚ್ಚು ಕೆಟ್ಟದ್ದು. ಎಂಜಿನ್ ಕಷ್ಟಪಡುವ ಸದ್ದು ಬಂದೊಡನೆ ಗೇರ್ ಇಳಿಸಿ. ಮೊದಲ ಸರ್ವಿಸ್ ಹೆಚ್ಚಿನ ಕಂಪನಿಗಳಲ್ಲಿ 500ರಿಂದ 1000 ಕಿ.ಮೀ. ಒಳಗೆ ಅಥವಾ ಪುಸ್ತಕದಲ್ಲಿ ಹೇಳಿದಷ್ಟು ದಿನಗಳೊಳಗೆ, ಯಾವುದು ಮೊದಲೋ ಅದು. ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಉಜ್ಜಿ ಬಿದ್ದ ಲೋಹದ ಪುಡಿ ಮೊದಲ ಆಯಿಲಿನಲ್ಲಿ ಇರುವುದರಿಂದ ಅದನ್ನು ಬದಲಿಸುವ ಈ ಸರ್ವಿಸನ್ನು ತಪ್ಪಿಸಬಾರದು.

ಎಂಜಿನ್ ಆಯಿಲ್ ಯಾವುದು, ಎಷ್ಟು, ಯಾವಾಗ?

ಗ್ರೇಡನ್ನು ಪುಸ್ತಕದಲ್ಲಿ ಹೇಳಿದಂತೆಯೇ ಹಾಕಿ. ಹೀರೋ, ಹೋಂಡಾದ 100–125 ಸಿಸಿ ಗಾಡಿಗಳಿಗೆ 10ಡಬ್ಲ್ಯು-30, ಬದಲಿಸುವಾಗ ಹಿಡಿಯುವುದು ಸುಮಾರು 800 ಮಿ.ಲೀ. ರಾಯಲ್ ಎನ್‌ಫೀಲ್ಡ್ 350ಕ್ಕೆ 15ಡಬ್ಲ್ಯು-50. ಬಾಟಲಿಯ ಮೇಲೆ ಬೈಕ್ ಆಯಿಲಿನ ಗುರುತಾದ ಜಾಸೊ ಎಂಎ ಅಥವಾ ಎಂಎ2 ಎಂದು ಇರಲೇಬೇಕು. ಬೈಕಿನ ಕ್ಲಚ್ ಪ್ಲೇಟುಗಳು ಅದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್ ಹಾಕಿದರೆ ಪ್ಲೇಟು ಜಾರಿ, ಎಂಜಿನ್ ಸದ್ದು ಏರಿದರೂ ಗಾಡಿ ಏರು ಹತ್ತುವುದಿಲ್ಲ.

ಬಾಟಲಿಯಲ್ಲಿ ಒಂದು ಲೀಟರ್ ಇದೆಯೆಂದು ಪೂರ್ತಿ ಸುರಿಯುವುದು ಸಾಮಾನ್ಯ ತಪ್ಪು. ಹೆಚ್ಚಾದ ಆಯಿಲ್ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಬಂದು ಅದನ್ನು ನೆನೆಸುತ್ತದೆ. ನೋಡುವ ಕ್ರಮ: ಮೂರು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ ಮೂರು ನಿಮಿಷ ಕಾಯಿರಿ. ಗಾಡಿ ಸೆಂಟರ್ ಸ್ಟಾಂಡಿನಲ್ಲಿ ನೆಟ್ಟಗಿರಬೇಕು, ಸೈಡ್ ಸ್ಟಾಂಡಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಆಯಿಲ್ ಅಳೆಯುವ ಕಡ್ಡಿ ಒರೆಸಿ, ತಿರುಪಿ ಬಿಗಿಯದೆ ಸುಮ್ಮನೆ ಇಳಿಸಿ ತೆಗೆದು ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಕೆಲವು ಗಾಡಿಗಳಲ್ಲಿ ಕಡ್ಡಿಯ ಬದಲು ಬದಿಯಲ್ಲಿ ಗಾಜಿನ ಕಿಟಕಿ ಇರುತ್ತದೆ.

ಕಿಲೋಮೀಟರ್ ಆಗದಿದ್ದರೂ ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ಒಮ್ಮೆ ಬದಲಿಸಿ. ಎರಡು ಮೂರು ಕಿ.ಮೀ. ದೂರದ ಪೇಟೆಗೆ ಮಾತ್ರ ಹೋಗಿಬರುವ ಗಾಡಿಯಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಒಳಗೆ ಕಟ್ಟಿದ ತೇವ ಆವಿಯಾಗಿ ಹೋಗದೆ ಆಯಿಲಿನಲ್ಲೇ ಉಳಿಯುತ್ತದೆ.

ಚೈನಿಗೆ ಏನು ಹಾಕಬೇಕು? ಎಷ್ಟು ದಿನಕ್ಕೊಮ್ಮೆ?

ಇಲ್ಲಿ ಅತಿ ಬೇಗ ಹಾಳಾಗುವುದು ಚೈನು, ಅತಿ ಸುಲಭವಾಗಿ ಉಳಿಸಿಕೊಳ್ಳಬಹುದಾದದ್ದೂ ಅದೇ. ಮುರಕಲ್ಲಿನ ಕೆಂಪು ಕೆಸರಿನಲ್ಲಿ ಸಣ್ಣ ಮರಳಿರುತ್ತದೆ. ಅದು ಎಣ್ಣೆಯ ಜೊತೆ ಸೇರಿದರೆ ಉಪ್ಪುಕಾಗದದಂತೆ ರೋಲರನ್ನೂ ಸ್ಪ್ರಾಕೆಟ್ ಹಲ್ಲನ್ನೂ ತಿನ್ನುತ್ತದೆ. ಹೊಸ ಬೈಕ್ ಆರಿಸುವಾಗ ಪೂರ್ತಿ ಚೈನ್ ಕವರ್ ಇದ್ದದ್ದನ್ನು ಆರಿಸಿದರೆ ಅರ್ಧ ಚಿಂತೆ ಕಳೆಯಿತು. ತೆರೆದ ಚೈನ್ ನೋಡಲು ಚೆಂದ, ಇಲ್ಲಿಯ ದಾರಿಗೆ ಹೊಂದುವುದಿಲ್ಲ.

ತೆರೆದ ಚೈನಿಗೆ ಬೇಸಿಗೆಯಲ್ಲಿ 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ 250–300 ಕಿ.ಮೀ.ಗೊಮ್ಮೆ ಎಣ್ಣೆ ಬೇಕು. ಜೋರು ಮಳೆಯಲ್ಲಿ ದೂರ ಹೋಗಿ ಬಂದರೆ ಅದೇ ದಿನ ರಾತ್ರಿ. ಗಾಡಿಯನ್ನು ಸೆಂಟರ್ ಸ್ಟಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ನ್ಯೂಟ್ರಲಿನಲ್ಲಿ ಇಡಿ. ಎಂಜಿನ್ ಓಡಿಸಿಕೊಂಡು ಚೈನ್ ಒರೆಸಲು ಹೋದರೆ ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟಿಗೆ ಸಿಕ್ಕಿ ತುಂಡಾಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಹಾಕಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಒಣಗಲು ಬಿಡಿ. ಪೆಟ್ರೋಲ್ ಬೇಡ, ಓ-ರಿಂಗ್ ಚೈನಿನ ರಬ್ಬರ್ ಬಿರುಕು ಬಿಡುತ್ತದೆ, ಬೆಂಕಿಯ ಅಪಾಯವೂ ಇದೆ. ಆಮೇಲೆ 90 ನಂಬರಿನ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇಯನ್ನು ಕೆಳಗಿನ ಎಳೆಯ ಒಳಮೈಗೆ ಹಾಕಿ. ಚೈನ್ ತಿರುಗುವಾಗ ಎಣ್ಣೆ ಒಳಗಿನಿಂದ ಹೊರಕ್ಕೆ ಹೋಗಿ ಪಿನ್ನುಗಳಿಗೆ ತಲುಪುತ್ತದೆ. ಐದು ನಿಮಿಷ ಕಳೆದು ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಗ್ರೀಸ್ ಹಚ್ಚಬೇಡಿ, ಅದು ಒಳಗೆ ಇಳಿಯುವುದಿಲ್ಲ, ಹೊರಗೆ ಕೆಸರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸಡಿಲ ಎಷ್ಟಿರಬೇಕು? ಹೆಚ್ಚಿನ ಕಮ್ಯೂಟರ್ ಬೈಕ್‌ಗಳಲ್ಲಿ ಕೆಳಗಿನ ಎಳೆಯ ನಡುವೆ ಬೆರಳಿಟ್ಟು ಮೇಲಕ್ಕೆ ಕೆಳಕ್ಕೆ ಆಡಿಸಿದರೆ 20ರಿಂದ 30 ಮಿ.ಮೀ. ಚಕ್ರ ತಿರುಗಿಸುತ್ತ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲೇ ಅಳೆಯಬೇಕು. ಬಿಗಿ ಮಾಡುವಾಗ ಆಕ್ಸಲ್ ನಟ್ ಸಡಿಲಿಸಿ ಎರಡೂ ಬದಿಯ ಅಡ್ಜಸ್ಟರನ್ನು ಸಮ ಸುತ್ತು ತಿರುಗಿಸಿ, ಎರಡೂ ಕಡೆಯ ಗೆರೆ ಒಂದೇ ಗುರುತಿನಲ್ಲಿ ನಿಲ್ಲಬೇಕು. ಇಲ್ಲವಾದರೆ ಚಕ್ರ ಓರೆಯಾಗಿ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಅತಿ ಬಿಗಿ ಚೈನ್ ಸಡಿಲ ಚೈನಿಗಿಂತ ಕೆಟ್ಟದ್ದು: ಹಿಂದೆ ಒಬ್ಬರು ಕುಳಿತು ಹೊಂಡಕ್ಕೆ ಇಳಿದಾಗ ಅದು ಇನ್ನೂ ಬಿಗಿದು ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗನ್ನೇ ಎಳೆಯುತ್ತದೆ. ಆಕ್ಸಲ್ ಹಿಂದಕ್ಕೆ ಸರಿದಾಗ ಹಿಂದಿನ ಡ್ರಮ್ ಬ್ರೇಕಿನ ಪೆಡಲ್ ಆಟವೂ ಬದಲಾಗುತ್ತದೆ, ಅದನ್ನು ಸರಿಪಡಿಸಿಯೇ ಗಾಡಿ ಹೊರಗೆ ತೆಗೆಯಿರಿ.

ಹಿಂದಿನ ಸ್ಪ್ರಾಕೆಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಎಳೆದು ನೋಡಿ. ಅರ್ಧ ಹಲ್ಲಿಗಿಂತ ಹೆಚ್ಚು ಕಂಡರೆ ಅದರ ಕಾಲ ಮುಗಿಯಿತು. ಚೈನ್ ಒಂದನ್ನೇ ಬದಲಿಸಿದರೆ ಹಳೆ ಸ್ಪ್ರಾಕೆಟ್ ಹೊಸ ಚೈನನ್ನು ಬೇಗನೆ ಹಾಳುಮಾಡುತ್ತದೆ, ಚೈನ್, ಮುಂದಿನ ಹಿಂದಿನ ಸ್ಪ್ರಾಕೆಟ್ ಮೂರನ್ನೂ ಸೆಟ್ಟಾಗಿ ಹಾಕಿಸಿ. ಲಾಕ್ ಕ್ಲಿಪ್ ಇರುವ ಚೈನಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು.

ಮಳೆಗಾಲದಲ್ಲಿ ಟಯರ್ ಗಾಳಿ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆಯೇ?

ಇಲ್ಲ. ಟಯರಿನ ಗೆರೆಗಳು ನೀರನ್ನು ಬದಿಗೆ ತಳ್ಳಬೇಕಾದರೆ ಒಳಗೆ ಸರಿಯಾದ ಗಾಳಿ ಇರಬೇಕು. ಮುಂದೆ ಎಷ್ಟು, ಹಿಂದೆ ಎಷ್ಟು, ಇಬ್ಬರು ಕುಳಿತರೆ ಎಷ್ಟು ಎಂಬುದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರಿನಲ್ಲಿದೆ. ವಾರಕ್ಕೊಮ್ಮೆ, ಟಯರ್ ತಣ್ಣಗಿರುವಾಗ ನೋಡಿ. ಗೆರೆಗಳ ನಡುವಿನ ಸಣ್ಣ ಉಬ್ಬು ಟಯರಿನ ಮೇಲ್ಮೈಗೆ ಸಮವಾದರೆ ಬದಲಿಸಬೇಕು. ಬದಲಿಸುವ ಸಮಯ ಹತ್ತಿರವಿದ್ದರೆ ಮೇ ತಿಂಗಳಲ್ಲೇ ಮಾಡಿಸಿ.

ಟಯರ್ ಎಷ್ಟೇ ಒಳ್ಳೆಯದಿರಲಿ, ಅಡಿಕೆ ತೋಟದ ನೆರಳಿನ ಕಾಂಕ್ರೀಟ್ ದಾರಿಯ ಪಾಚಿ, ಹೆದ್ದಾರಿಯ ಬಿಳಿ ಬಣ್ಣದ ಪಟ್ಟೆ, ಮೋರಿಯ ಮೇಲಿನ ಕಬ್ಬಿಣದ ತಗಡು, ಬೇಸಿಗೆಯ ನಂತರದ ಮೊದಲ ಮಳೆಗೆ ಎಣ್ಣೆ ಮೇಲೆದ್ದ ಟಾರು, ಈ ನಾಲ್ಕರ ಮೇಲೆ ಹಿಡಿತ ಇರುವುದಿಲ್ಲ. ಅಲ್ಲಿ ಗಾಡಿ ನೆಟ್ಟಗಿರಲಿ. ಬ್ರೇಕ್ ಹಿಡಿಯುವುದಾದರೆ ಅದಕ್ಕೆ ಮೊದಲೇ ಹಿಡಿದು ಮುಗಿಸಿ.

ಬ್ರೇಕ್ ಸವೆದದ್ದು ಹೇಗೆ ತಿಳಿಯುತ್ತದೆ?

ಡಿಸ್ಕ್ ಪ್ಯಾಡಿನಲ್ಲಿ ಸವೆತದ ಗುರುತಿನ ಗೀರು ಇರುತ್ತದೆ, ಅದು ಮಾಯವಾಗುವ ಮುಂಚೆ ಬದಲಿಸಿ. ಕಿರ್ ಎಂಬ ಲೋಹದ ಸದ್ದು ಬಂದ ಮೇಲೆ ಕಾದರೆ ಡಿಸ್ಕನ್ನೂ ಬದಲಿಸಬೇಕಾದೀತು. ಬ್ರೇಕ್ ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ, ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರಿನದ್ದೇ. ಅದು ಗಾಳಿಯ ತೇವವನ್ನು ಹೀರುತ್ತದೆ, ಹೀರಿದ್ದು ಘಾಟಿ ಇಳಿಯುವಾಗಿನ ಬಿಸಿಗೆ ಕುದಿದು ಲಿವರ್ ಮೆತ್ತಗಾಗುತ್ತದೆ. ಡ್ರಮ್ ಬ್ರೇಕಿನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಡ್ರಮ್ ತಟ್ಟೆಯ ಮೇಲಿನ ಬಾಣ ಗುರುತನ್ನು ಮುಟ್ಟಿದರೆ ಶೂ ಬದಲಿಸಬೇಕು. ನೀರು ದಾಟಿ ಬಂದ ಮೇಲೆ ಸ್ವಲ್ಪ ದೂರ ನಿಧಾನವಾಗಿ ಹೋಗುತ್ತ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿಯಿರಿ, ಬಿಸಿಗೆ ಒಣಗುತ್ತದೆ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಬಹುದೇ?

ಖಂಡಿತ ಬೇಡ, ನ್ಯೂಟ್ರಲ್ ಕೂಡ ಬೇಡ. ಪಾಣತ್ತೂರಿನಿಂದ ಕರಿಕೆ ದಾಟಿ ಭಾಗಮಂಡಲಕ್ಕೆ ಹೋಗುವ ದಾರಿಯಾಗಲಿ, ಸಂಪಾಜೆ ಘಾಟಿಯಾಗಲಿ, ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ವೇಗ ಹಿಡಿದಿಡಬೇಕು. ಎಲ್ಲ ಭಾರ ಬ್ರೇಕಿನ ಮೇಲೆ ಬಿದ್ದರೆ ಡ್ರಮ್ ಬಿಸಿಯಾಗಿ ಕೊನೆಯ ತಿರುವುಗಳಲ್ಲಿ ಹಿಡಿಯದೆ ಹೋಗುತ್ತದೆ. ಬಿಎಸ್6 (ಈಗಿನ ಹೊಗೆ ನಿಯಮದ, ಪೆಟ್ರೋಲ್ ಇಂಜೆಕ್ಷನ್ ಇರುವ) ಗಾಡಿಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲಿ ಇಳಿಯುವಾಗ ಇಂಜೆಕ್ಟರ್ ಪೆಟ್ರೋಲ್ ನಿಲ್ಲಿಸುತ್ತದೆ, ಆಫ್ ಮಾಡಿ ಉಳಿಸಲು ಏನೂ ಇರುವುದಿಲ್ಲ.

ನೀರಿನಲ್ಲಿ ಗಾಡಿ ನಿಂತುಬಿಟ್ಟರೆ ಏನು ಮಾಡಬೇಕು?

ಸ್ಟಾರ್ಟ್ ಮಾಡಲು ಹೋಗಬೇಡಿ. ಏರ್ ಫಿಲ್ಟರ್ ದಾರಿಯಿಂದ ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಅದುಮಲು ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೀ ಆಫ್ ಮಾಡಿ, ತಳ್ಳಿ ಹೊರಗೆ ತನ್ನಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ತೂತಿನಿಂದ ಮುಖ ದೂರವಿಟ್ಟು ಕಿಕ್ಕರ್ ಹತ್ತು ಹನ್ನೆರಡು ಸಲ ಒತ್ತಿದರೆ ನೀರು ಹೊರಕ್ಕೆ ಚಿಮ್ಮುತ್ತದೆ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಹೊಸದು ಹಾಕಿ. ಆಯಿಲ್ ಕಡ್ಡಿ ತೆಗೆದಾಗ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆ. ಹೊಸ ಆಯಿಲ್ ಹಾಕಿ ಹತ್ತು ನಿಮಿಷ ಓಡಿಸಿ ಮತ್ತೊಮ್ಮೆ ಬದಲಿಸಬೇಕು.

ದಾಟುವ ಮೊದಲೇ ಅಳತೆ ನೋಡುವುದು ಮೇಲು. ನೀರು ಚಕ್ರದ ಆಕ್ಸಲ್ ಮಟ್ಟ ಮೀರಿದ್ದರೆ ದಾಟಬೇಡಿ. ಹರಿಯುವ ನೀರಾದರೆ ಅದಕ್ಕಿಂತ ಕಡಿಮೆಯಿದ್ದರೂ ಬೇಡ.

ಮಳೆಗಾಲದ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಎಲ್ಲಿಂದ ನೋಡಲಿ?

ಮೊದಲು ಕೆಂಪು ಕಿಲ್ ಸ್ವಿಚ್, ಸೈಡ್ ಸ್ಟಾಂಡ್, ನ್ಯೂಟ್ರಲ್ ದೀಪ. ನಗಬೇಡಿ, ವರ್ಕ್‌ಶಾಪಿಗೆ ಬರುವ ಎಷ್ಟೋ ಕರೆಗಳು ಇಲ್ಲೇ ಮುಗಿಯುತ್ತವೆ. ಬಿಎಸ್6 ಗಾಡಿಯಾದರೆ ಕೀ ಹಾಕಿದಾಗ ಟ್ಯಾಂಕಿನೊಳಗೆ ಎರಡು ಮೂರು ಸೆಕೆಂಡ್ ಪಂಪಿನ ಗುಂಯ್ ಸದ್ದು ಕೇಳಬೇಕು. ಕೇಳದಿದ್ದರೆ ಬ್ಯಾಟರಿ ಅಥವಾ ಫ್ಯೂಸ್. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪ್ ಓಡದ ಕಾರಣ ಎಷ್ಟು ತಳ್ಳಿದರೂ ಸ್ಟಾರ್ಟ್ ಆಗದೆ ಇರಬಹುದು. ಚೆನ್ನಾಗಿ ಚಾರ್ಜಾದ ಬ್ಯಾಟರಿ 12.6 ವೋಲ್ಟ್‌ಗಿಂತ ಮೇಲೆ ಇರುತ್ತದೆ. ಬ್ಯಾಟರಿ ಸರಿಯಿದ್ದರೆ ಪ್ಲಗ್ ಕ್ಯಾಪ್ ತೆಗೆದು ಒಳಗಿನ ತೇವ ಒರೆಸಿ, ಪ್ಲಗ್ ಬಿಚ್ಚಿ ಒಣಗಿಸಿ. ಮತ್ತೆ ಹಾಕುವಾಗ ಮೊದಲು ಬೆರಳಿನಲ್ಲೇ ತಿರುಪಿ, ಓರೆಯಾಗಿ ಹೊಕ್ಕರೆ ಅಲ್ಯೂಮಿನಿಯಂ ಥ್ರೆಡ್ ಹಾಳಾಗುತ್ತದೆ.

ಇದಾದ ಮೇಲೂ ಆಗದಿದ್ದರೆ ಪೆಟ್ರೋಲಿನಲ್ಲಿ ನೀರು ಇರಬಹುದು. ಈಗಿನ ಪೆಟ್ರೋಲಿನಲ್ಲಿ 20 ಶೇಕಡದವರೆಗೆ ಎಥನಾಲ್ ಇದೆ, ಅದು ನೀರನ್ನು ಹೀರಿಕೊಂಡು, ಹೆಚ್ಚಾದಾಗ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಪಾರದರ್ಶಕ ಬಾಟಲಿಯಲ್ಲಿ ಸ್ವಲ್ಪ ಹಿಡಿದು ಇಟ್ಟರೆ ಕೆಳಗೆ ಬೇರೆ ಪದರ ಕಾಣುತ್ತದೆ. ಆಗ ಟ್ಯಾಂಕ್ ಖಾಲಿ ಮಾಡಿಸುವುದೇ ದಾರಿ. ಟ್ಯಾಂಕ್ ಮುಚ್ಚಳದ ಸುತ್ತ ನೀರು ಹೊರಹೋಗುವ ಸಣ್ಣ ತೂತು ಕಟ್ಟಿಕೊಂಡಿದ್ದರೆ ಮಳೆನೀರು ಒಳಗೇ ಇಳಿಯುತ್ತದೆ, ತಂತಿ ಹಾಕಿ ಬಿಡಿಸಿ.

ತುಕ್ಕು ತಡೆಯಲು ಸುಟ್ಟ ಆಯಿಲ್ ಹಚ್ಚುತ್ತಾರಲ್ಲ, ಸರಿಯೇ?

ಸರಿಯಲ್ಲ. ಅದು ರಬ್ಬರ್ ಬುಷ್, ವೈರಿನ ಹೊದಿಕೆಯನ್ನು ಮೆತ್ತಗಾಗಿಸುತ್ತದೆ, ಬ್ರೇಕಿಗೆ ಹಾರಿದರೆ ಪ್ರಾಣಕ್ಕೇ ಅಪಾಯ. ತೊಳೆದ ನೀರಿನ ಜೊತೆ ಬಾವಿಗೂ ತೋಡಿಗೂ ಸೇರುತ್ತದೆ. ಬದಲಿಗೆ ಕಡಲ ಬದಿಗೆ ಹೋಗಿ ಬಂದ ದಿನ ಸಿಹಿನೀರಿನಲ್ಲಿ ತೊಳೆಯಿರಿ, ಒಣಬಟ್ಟೆಯಲ್ಲಿ ಒರೆಸಿ. ಪ್ರೆಷರ್ ಪಂಪಿನ ನೀರನ್ನು ಚಕ್ರದ ಬೇರಿಂಗ್, ಹ್ಯಾಂಡಲ್ ಕೆಳಗಿನ ಕೋನ್‌ಸೆಟ್, ಸ್ವಿಚ್‌ಗಳು, ಸೈಲೆನ್ಸರ್ ಬಾಯಿಗೆ ನೇರ ಬಿಡಬೇಡಿ. ಕ್ಲಚ್ ಕೇಬಲಿನ ಮೇಲ್ತುದಿಗೆ ಮಳೆಗಾಲದ ಮೊದಲೊಮ್ಮೆ, ನಡುವೊಮ್ಮೆ ಎಣ್ಣೆ ಇಳಿಸಿ. ಬ್ಯಾಟರಿ ಟರ್ಮಿನಲಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಒದ್ದೆ ಗಾಡಿಗೆ ಪ್ಲಾಸ್ಟಿಕ್ ಟಾರ್ಪಾಲು ಹೊದೆಸಬೇಡಿ, ಒಳಗೆ ಬೆವೆತು ತುಕ್ಕು ಬೇಗ ಬರುತ್ತದೆ.

ಇಲಿ ವೈರ್ ಕಡಿಯುತ್ತದೆ. ಪರಿಹಾರ?

ಅಡಿಕೆ, ಕೊಬ್ಬರಿ, ಹಿಂಡಿ ಇಡುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸದಿರುವುದೇ ಮುಖ್ಯ. ಸೀಟಿನ ಕೆಳಗಿನ ವೈರಿಂಗಿಗೆ ಗಟ್ಟಿ ಸ್ಲೀವ್ ಹಾಕಿಸಿ, ಬರಿ ಟೇಪನ್ನು ಇಲಿ ಸುಲಭವಾಗಿ ಹರಿಯುತ್ತದೆ. ವಾರಕ್ಕೊಮ್ಮೆ ಸೀಟು ಎತ್ತಿ ನೋಡಿ. ಏರ್ ಫಿಲ್ಟರ್ ಡಬ್ಬಿಯಲ್ಲೂ ಗೂಡು ಕಟ್ಟುತ್ತದೆ.

ಗಲ್ಫಿಗೆ ಹೋಗುತ್ತಿದ್ದೇನೆ. ಗಾಡಿ ಒಂದು ವರ್ಷ ಮನೆಯಲ್ಲೇ ಇರುತ್ತದೆ. ಹೇಗೆ ಇಡಲಿ?

ಹೋಗುವ ವಾರ ಆಯಿಲ್ ಬದಲಿಸಿ. ಹಳೆ ಆಯಿಲಿನ ಆಮ್ಲ ಒಳಗಿನ ಲೋಹವನ್ನು ತಿನ್ನುತ್ತದೆ. ಕಾರ್ಬ್ಯುರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿ ಬೌಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಖಾಲಿ ಮಾಡಿ. ಇಂಜೆಕ್ಷನ್ ಗಾಡಿಯ ಟ್ಯಾಂಕ್ ಪೂರ್ತಿ ತುಂಬಿಸಿಡಿ, ಖಾಲಿ ಜಾಗವಿದ್ದಷ್ಟೂ ತೇವ ಕಟ್ಟುತ್ತದೆ. ತೊಳೆದು, ಒಣಗಿಸಿ, ಚೈನಿಗೆ ಎಣ್ಣೆ ಹಾಕಿ, ಸೆಂಟರ್ ಸ್ಟಾಂಡ್ ಹಾಕಿ. ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ತೆಗೆದು ಬ್ಯಾಟರಿಯನ್ನು ಮನೆಯೊಳಗೆ ಇಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಲು ಹೇಳಿ.

ಮನೆಯಲ್ಲಿ ಲೈಸೆನ್ಸ್ ಇರುವ ತಮ್ಮನೋ ಅಣ್ಣನೋ ಇದ್ದರೆ ಬ್ಯಾಟರಿ ತೆಗೆಯದೆ, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳುವುದು ಎಲ್ಲಕ್ಕಿಂತ ಒಳ್ಳೆಯದು. ಅಂಗಳದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಉಪಯೋಗವಿಲ್ಲ. ಸ್ಟಾರ್ಟಿಗೆ ಖರ್ಚಾದ ಚಾರ್ಜ್ ವಾಪಸು ಬರುವುದಿಲ್ಲ, ಸೈಲೆನ್ಸರಿನೊಳಗೆ ನೀರು ಕಟ್ಟಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇನ್ಶೂರೆನ್ಸ್ ಮತ್ತು ಹೊಗೆ ಪರೀಕ್ಷೆಯ ಸರ್ಟಿಫಿಕೇಟಿನ ಕೊನೆಯ ದಿನಾಂಕಗಳನ್ನು ಓಡಿಸುವವರ ಕೈಗೆ ಬರೆದುಕೊಡಿ.

ಊರಿಗೆ ಬಂದ ಮೇಲೆ ಸ್ಟಾರ್ಟ್ ಮಾಡುವ ಮುಂಚೆ ಸೀಟು ಎತ್ತಿ ವೈರ್ ನೋಡಿ, ಸೈಲೆನ್ಸರ್ ಬಾಯಿಯಲ್ಲಿ ಕಣಜದ ಹುಳ ಮಣ್ಣು ಮೆತ್ತಿದೆಯೇ ನೋಡಿ, ಟಯರಿನ ಬದಿಯಲ್ಲಿ ಬಿರುಕು ಹುಡುಕಿ, ಗಾಳಿ ತುಂಬಿಸಿ. ಸ್ಟಾರ್ಟ್ ಆದ ಮೇಲೆ ಅಂಗಳದಲ್ಲೇ ನಿಧಾನಕ್ಕೆ ಓಡಿಸಿ ಎರಡೂ ಬ್ರೇಕ್ ಹಿಡಿಯುತ್ತವೆಯೇ, ಬಿಟ್ಟಾಗ ಚಕ್ರ ಸಲೀಸಾಗಿ ತಿರುಗುತ್ತದೆಯೇ ನೋಡಿಕೊಂಡು ಗೇಟು ದಾಟಿ.